ಜಾಮೀನಿಗೆ ನಿಂತವರ ಕಸುಬು

1898ರ ದಂಡ ಪ್ರಕ್ರಿಯಾ ಸಂಹಿತೆಯ 562ನೇ ಕಲಂ ಬ್ರಿಟಿಷ್ ಇಂಡಿಯಾದ ಮ್ಯಾಜಿಸ್ಟ್ರೇಟರ ಕೈಗೆ ಉದಾರವಾದ ಒಂದು ಅಧಿಕಾರವನ್ನು ಕೊಟ್ಟಿತು. ಹಿಂದೆಂದೂ ಶಿಕ್ಷೆಯಾಗಿರದ ಮನುಷ್ಯ ಸಣ್ಣ ಕಳವನ್ನೋ ಮೋಸವನ್ನೋ, ಎರಡು ವರ್ಷ ಮೀರಿದ ಸಜೆಯಿಲ್ಲದ ಬೇರೆ ಅಪರಾಧವನ್ನೋ ಮಾಡಿದ್ದು ರುಜುವಾತಾದರೆ, ಅವನ ವಯಸ್ಸು, ನಡತೆ, ತಪ್ಪಿನ ಸ್ವರೂಪ ನೋಡಿ, ಸಜೆ ವಿಧಿಸದೆ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸಬಹುದಾಗಿತ್ತು. ಕರೆದಾಗ ಬಂದು ಶಿಕ್ಷೆಗೆ ಒಳಗಾಗುತ್ತೇನೆ, ಅಲ್ಲಿಯತನಕ ಸನ್ನಡತೆಯಿಂದ ಇರುತ್ತೇನೆ ಎಂಬುದು ಆ ಮುಚ್ಚಳಿಕೆಯ ಸಾರ. ಓದುವುದಕ್ಕೆ ಒಳ್ಳೆಯ ಕಾನೂನು. ಆದರೆ ಅವನು ಕಟಕಟೆಯಿಂದ ಇಳಿದು ಬೀದಿಗೆ ಬಂದ ಮೇಲೆ ಏನು ಎಂಬುದಕ್ಕೆ ಆ ಕಲಮಿನಲ್ಲಿ ಉತ್ತರವಿರಲಿಲ್ಲ. ಅವನಿಗೆ ಕೂಲಿ ಸಿಕ್ಕಿತೇ, ಮನೆಯವರು ಒಳಗೆ ಸೇರಿಸಿದರೇ, ಕಳವಿಗೆ ಇಳಿಸಿದ ಸಾಲ ತೀರಿತೇ ಎಂದು ವಿಚಾರಿಸಬೇಕಾದವರು ಯಾರೆಂದು ಅಲ್ಲಿ ಬರೆದಿರಲಿಲ್ಲ. ಬಿಡುವ ಅಧಿಕಾರ ಇತ್ತು, ಬಿಟ್ಟ ಮೇಲೆ ನೋಡಿಕೊಳ್ಳುವ ಅಧಿಕಾರಿ ಇರಲಿಲ್ಲ.

ಪ್ರೊಬೇಷನ್ ಎಂಬ ಏರ್ಪಾಡಿನಲ್ಲಿ ಸೇರಿಕೊಂಡಿರುವ ಸಂಗತಿಗಳು ಎರಡು. ಜೈಲಿಗೆ ಕಳಿಸುವುದಿಲ್ಲ ಎಂಬ ನ್ಯಾಯಾಲಯದ ತೀರ್ಮಾನ ಒಂದು. ಹಾಗೆ ಬಿಟ್ಟವನ ಬೆನ್ನಿಗೆ ನಿಂತು ತಿಂಗಳುಗಟ್ಟಲೆ ಮಾಡಬೇಕಾದ ದುಡಿಮೆ ಇನ್ನೊಂದು. ಮೊದಲನೆಯದು ಒಂದು ಸಾಲಿನ ಆದೇಶದಲ್ಲಿ ಮುಗಿಯುತ್ತದೆ, ಅದಕ್ಕೆ ಖರ್ಚಿಲ್ಲ. ಎರಡನೆಯದು ಒಂದು ಕಸುಬು. ಅದಕ್ಕೆ ಜನ ಬೇಕು, ಸಂಬಳ ಬೇಕು, ಅನುಭವ ಬೇಕು. ಸುಮಾರು ನೂರ ಎಂಬತ್ತು ವರ್ಷಗಳ ಈ ಇತಿಹಾಸವನ್ನು ನೋಡಿದರೆ, ಸರ್ಕಾರಗಳು ಮತ್ತೆ ಮತ್ತೆ ಮೊದಲನೆಯದನ್ನು ತೆಗೆದುಕೊಂಡು ಎರಡನೆಯದನ್ನು ಕೈಬಿಟ್ಟಿವೆ, ಇಲ್ಲವೇ ಆ ದುಡಿಮೆಯ ಜಾಗದಲ್ಲಿ ಬರೀ ಕಾವಲನ್ನು ತಂದು ಕೂರಿಸಿವೆ. ಪ್ರೊಬೇಷನ್ ಸೋತಿತು ಎಂದು ಹೇಳಲಾಗುವ ಕಡೆಗಳಲ್ಲೆಲ್ಲ ನಿಜಕ್ಕೂ ಸೋತದ್ದು ಈ ಅರೆಬರೆ ವ್ಯವಸ್ಥೆ ಎಂಬುದು ನನ್ನ ವಾದ.

ಇಡೀ ವ್ಯವಸ್ಥೆ ಹೇಗಿತ್ತೆಂದು ತಿಳಿಯಲು ಅಮೆರಿಕದ ಬಾಸ್ಟನ್ ನಗರಕ್ಕೆ ಹೋಗಬೇಕು. ಜಾನ್ ಆಗಸ್ಟಸ್ ಅಲ್ಲಿ ಬೂಟು ಹೊಲಿಸಿ ಮಾರುತ್ತಿದ್ದ ಕಸುಬುದಾರ. ಪೊಲೀಸ್ ಕೋರ್ಟಿನ ಹತ್ತಿರವೇ ಅವರ ಅಂಗಡಿ. ಕುಡಿತ ಬಿಡಿಸುವ ಸಂಘವೊಂದರ ಸದಸ್ಯರಾಗಿದ್ದ ಅವರು 1841ರ ಆಗಸ್ಟ್‌ನಲ್ಲಿ ಒಬ್ಬ ಕುಡುಕನಿಗೆ ಜಾಮೀನು ನಿಂತರು. ಮೂರು ವಾರ ಬಿಟ್ಟು ಆ ಮನುಷ್ಯನನ್ನು ಮತ್ತೆ ಕೋರ್ಟಿಗೆ ಕರೆತಂದಾಗ ಅವನ ಚಹರೆಯೇ ಬದಲಾಗಿತ್ತು; ನ್ಯಾಯಾಧೀಶರು ಒಂದು ಸೆಂಟ್ ದಂಡ ಹಾಕಿ, ಕೋರ್ಟು ಖರ್ಚು ಕಟ್ಟಿಸಿಕೊಂಡು ಬಿಟ್ಟರು. ಕುಡುಕರಿಗೆ ಆಗ ತಪ್ಪದೆ ಸಿಗುತ್ತಿದ್ದದ್ದು ತಿದ್ದುಮನೆ ಎಂಬ ಹೆಸರಿನ ಜೈಲು. ಮುಂದಿನ ಹದಿನೆಂಟು ವರ್ಷ, 1859ರಲ್ಲಿ ಸಾಯುವ ತನಕ, ಆಗಸ್ಟಸ್ ಇದೇ ಕೆಲಸ ಮಾಡಿದರು. 1858ರ ಹೊತ್ತಿಗೆ ಅವರು ಜಾಮೀನು ನಿಂತಿದ್ದವರ ಸಂಖ್ಯೆ 1,946. ಅದರಲ್ಲಿ 794 ಮಂದಿ ಹೆಂಗಸರು. ಸರ್ಕಾರದಿಂದ ಅವರಿಗೆ ಒಂದು ಡಾಲರ್ ಸಂಬಳವೂ ಬರಲಿಲ್ಲ. ಊರಿನ ದಾನಿಗಳು ಕೊಟ್ಟದ್ದು ಸ್ವಲ್ಪ, ಉಳಿದದ್ದು ಅವರ ಸ್ವಂತ ದುಡ್ಡು. ಅಂಗಡಿಯ ವ್ಯಾಪಾರ ಈ ಕೆಲಸಕ್ಕೇ ಬಲಿಯಾಯಿತು.

ಆಗಸ್ಟಸ್ ಅವರನ್ನು ಪ್ರೊಬೇಷನ್ನಿನ ಪಿತಾಮಹ ಎಂದು ಕರೆದು, ಕರುಣೆಯ ಮೂರ್ತಿಯಾಗಿ ಚಿತ್ರಿಸುವುದು ವಾಡಿಕೆ. ಕರುಣೆ ಇತ್ತು, ಸಂಶಯವಿಲ್ಲ. ಆದರೆ 1852ರಲ್ಲಿ ಅವರು ತಮ್ಮ ಹತ್ತು ವರ್ಷದ ಕೆಲಸದ ಬಗ್ಗೆ ಪ್ರಕಟಿಸಿದ ವರದಿಯಲ್ಲಿ ಕರುಣೆಗಿಂತ ಎದ್ದು ಕಾಣುವುದು ಅವರ ಕ್ರಮ. ಕೇಳಿದವರಿಗೆಲ್ಲ ಅವರು ಜಾಮೀನು ನಿಲ್ಲುತ್ತಿರಲಿಲ್ಲ. ಆರೋಪಿಯ ಹಿಂದಿನ ನಡತೆ ಎಂಥದ್ದು, ವಯಸ್ಸೆಷ್ಟು, ಬಿಟ್ಟರೆ ಯಾರ ಸಹವಾಸಕ್ಕೆ ಮರಳುತ್ತಾನೆ ಎಂದು ಮೊದಲು ವಿಚಾರಿಸುತ್ತಿದ್ದರು. ಹೊಣೆ ಹೊತ್ತ ಮೇಲೆ ಅವನಿಗೆ ಇರಲು ಜಾಗ, ಮಾಡಲು ಕೆಲಸ, ಮಕ್ಕಳಾದರೆ ಶಾಲೆ ಹುಡುಕುತ್ತಿದ್ದರು. ಪ್ರತಿಯೊಬ್ಬರ ಲೆಕ್ಕವನ್ನೂ ಬರೆದಿಡುತ್ತಿದ್ದರು, ಗೊತ್ತಾದ ದಿನ ಕೋರ್ಟಿಗೆ ಬಂದು ಇದ್ದದ್ದನ್ನು ಇದ್ದಂತೆ ವರದಿ ಮಾಡುತ್ತಿದ್ದರು. ತನಿಖೆ, ಆಯ್ಕೆ, ಆಸರೆ, ದಾಖಲೆ, ವರದಿ: ಇಂದಿನ ಪ್ರೊಬೇಷನ್ ಅಧಿಕಾರಿಯ ಕೆಲಸದ ಪಟ್ಟಿಯಲ್ಲಿ ಇದಕ್ಕಿಂತ ಹೆಚ್ಚಿನದೇನೂ ಸೇರಿಲ್ಲ. ಇನ್ನೊಂದು ಮುಖ್ಯ ಸಂಗತಿ ಇದೆ. ಜಾಮೀನು ಮುರಿದರೆ ಕೈಬಿಟ್ಟುಹೋಗುವುದು ಅವರದೇ ಹಣ. ನ್ಯಾಯಾಧೀಶರು ಅವರನ್ನು ನಂಬಿದ್ದಕ್ಕೆ ಅದೂ ಒಂದು ಕಾರಣವಾಗಿರಬೇಕು. ವಿರೋಧವೂ ಇತ್ತು, ಅದರ ಮೂಲ ಸೈದ್ಧಾಂತಿಕವಾಗಿರಲಿಲ್ಲ. ಆರೋಪಿಯನ್ನು ಜೈಲಿಗೆ ಮುಟ್ಟಿಸಿದರೆ ಕೋರ್ಟಿನ ಸಿಬ್ಬಂದಿಗೆ ತಲೆಗಿಷ್ಟು ಎಂದು ಶುಲ್ಕ ಸಿಗುತ್ತಿತ್ತು. ಆಗಸ್ಟಸ್ ಜಾಮೀನು ನಿಂತಾಗಲೆಲ್ಲ ಅದು ತಪ್ಪಿಹೋಗುತ್ತಿತ್ತು. ಕಚೇರಿಯವರ ಸಿಟ್ಟಿಗೆ ಇದೇ ಕಾರಣವೆಂದು ಅವರು ಸ್ಪಷ್ಟವಾಗಿ ಬರೆದಿದ್ದಾರೆ. ಜೈಲು ತುಂಬುವುದರಲ್ಲಿ ಯಾರಿಗೆ ಲಾಭವಿದೆ ಎಂಬ ಪ್ರಶ್ನೆಯನ್ನು ಈ ಇತಿಹಾಸದಲ್ಲಿ ಮೊದಲು ಎತ್ತಿದವರು ಒಬ್ಬ ಬೂಟು ವ್ಯಾಪಾರಿ.

ಅವರು ತೀರಿಕೊಂಡ ಮೇಲೆ ಕೆಲಸವನ್ನು ಕೆಲಕಾಲ ಸ್ವಯಂಸೇವಕರು ನಡೆಸಿಕೊಂಡು ಬಂದರು. 1878ರಲ್ಲಿ ಮಸಾಚುಸೆಟ್ಸ್ ರಾಜ್ಯ ಕಾನೂನು ಮಾಡಿ, ಬಾಸ್ಟನ್ನಿನ ಮೇಯರ್ ಸಂಬಳ ಕೊಟ್ಟು ಒಬ್ಬ ಪ್ರೊಬೇಷನ್ ಅಧಿಕಾರಿಯನ್ನು ನೇಮಿಸಬೇಕೆಂದಿತು. ಎಡ್ವರ್ಡ್ ಸ್ಯಾವೇಜ್ ಆ ಮೊದಲ ಅಧಿಕಾರಿ. ಅದಕ್ಕೆ ಮುಂಚೆ ಅವರು ನಗರದ ಪೊಲೀಸ್ ಮುಖ್ಯಸ್ಥರಾಗಿದ್ದವರು. 1880ರ ಕಾನೂನು ಉಳಿದ ಊರುಗಳಿಗೆ ಬೇಕಿದ್ದರೆ ನೇಮಿಸಿಕೊಳ್ಳಿ ಎಂದು ಅನುಮತಿ ಕೊಟ್ಟಿತು. ಕಡ್ಡಾಯವಾದದ್ದು 1891ರಲ್ಲಿ, ನೇಮಕದ ಅಧಿಕಾರವೂ ಆಗಲೇ ನ್ಯಾಯಾಲಯಗಳ ಕೈಗೆ ಬಂತು. ಪೊಲೀಸ್ ಮುಖ್ಯಸ್ಥರೊಬ್ಬರಿಂದ ಆರಂಭವಾದ ಹುದ್ದೆ ಹದಿಮೂರು ವರ್ಷಗಳಲ್ಲಿ ನ್ಯಾಯಾಲಯದ ಹುದ್ದೆಯಾದದ್ದು ಸಣ್ಣ ಬದಲಾವಣೆಯಲ್ಲ. ಕಾಯುವವನೂ ಕೈಹಿಡಿಯುವವನೂ ಒಬ್ಬನೇ ಆಗಬಹುದೇ ಎಂಬ ಇಂದಿಗೂ ಬಗೆಹರಿಯದ ಪ್ರಶ್ನೆಗೆ ಮಸಾಚುಸೆಟ್ಸ್ ಅಂದು ತನ್ನ ಉತ್ತರ ಕೊಟ್ಟಿತು.

ಅಮೆರಿಕದ ಕೇಂದ್ರ ನ್ಯಾಯಾಲಯಗಳಿಗೆ ಇದು ತಲುಪಿದ ಬಗೆ ಬೇರೆ. ಒಹಾಯೋದ ನ್ಯಾಯಾಧೀಶ ಜಾನ್ ಕಿಲ್ಲಿಟ್ಸ್ ಬ್ಯಾಂಕಿನ ಹಣ ದುರುಪಯೋಗ ಮಾಡಿದ ಒಬ್ಬನ ಸಜೆಯನ್ನು ತಡೆಹಿಡಿದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, ಅಂಥ ಅಧಿಕಾರ ನ್ಯಾಯಾಧೀಶರಿಗೆ ತಾನಾಗಿ ಬರುವುದಿಲ್ಲ, ಶಾಸನ ಬೇಕು ಎಂದು 1916ರಲ್ಲಿ ತೀರ್ಪಾಯಿತು. ಶಾಸನ ಬರಲು ಮತ್ತೆ ಒಂಬತ್ತು ವರ್ಷ ಹಿಡಿಯಿತು. ಆಗ ದೇಶದಲ್ಲಿ ಪಾನನಿಷೇಧವಿತ್ತು; ನ್ಯಾಯಾಧೀಶರು ಹೆಂಡದ ಕೇಸಿನವರನ್ನೆಲ್ಲ ಬಿಟ್ಟುಬಿಡುತ್ತಾರೆ ಎಂದು ನಿಷೇಧದ ಕಟ್ಟಾ ಬೆಂಬಲಿಗರು ಅಡ್ಡ ನಿಂತರು. ಕುಡಿತ ಬಿಡಿಸುವ ಸಂಘದ ಸದಸ್ಯನೊಬ್ಬ ಹುಟ್ಟುಹಾಕಿದ ವ್ಯವಸ್ಥೆಯನ್ನು ತಡೆದವರು ಕುಡಿತದ ವಿರೋಧಿಗಳೇ. ಈ ಹೋರಾಟವನ್ನು ಬಿಡದೆ ನಡೆಸಿದವರಲ್ಲಿ ಚಾರ್ಲ್ಸ್ ಚ್ಯೂಟ್ ಮುಖ್ಯರು. ನ್ಯೂಯಾರ್ಕ್ ರಾಜ್ಯದ ಪ್ರೊಬೇಷನ್ ಆಯೋಗದಲ್ಲಿ ಕಾರ್ಯದರ್ಶಿಯಾಗಿದ್ದು, 1921ರಿಂದ 1948ರವರೆಗೆ ರಾಷ್ಟ್ರೀಯ ಪ್ರೊಬೇಷನ್ ಸಂಘವನ್ನು ಮುನ್ನಡೆಸಿದ ಅವರ ವೃತ್ತಿಜೀವನವೆಲ್ಲ ರಾಜ್ಯಗಳಿಗೆ ಕಾನೂನು ಮಾಡಿಸುವುದು, ಮಾಡಿದ ಕಡೆ ತರಬೇತಿ ಪಡೆದವರನ್ನು ನೇಮಿಸುವಂತೆ ಒತ್ತಾಯಿಸುವುದು ಇದರಲ್ಲೇ ಕಳೆಯಿತು. 1925ರಲ್ಲಿ ಅಧ್ಯಕ್ಷ ಕೂಲಿಜ್ ಕೇಂದ್ರ ಕಾನೂನಿಗೆ ಸಹಿ ಹಾಕಿದರು. ಆದರೆ 1927ರಿಂದ 1930ರವರೆಗೆ ಅಷ್ಟು ದೊಡ್ಡ ದೇಶದ ಕೇಂದ್ರ ನ್ಯಾಯಾಲಯಗಳಿಗೆ ನೇಮಕವಾದ ಪ್ರೊಬೇಷನ್ ಅಧಿಕಾರಿಗಳು ಎಂಟು ಮಂದಿ. ಕಾನೂನು ಗೆಲ್ಲಿಸುವುದು ಈ ನಾಯಕರ ಅರ್ಧ ಕೆಲಸ ಮಾತ್ರವಾಗಿತ್ತು. ಆಯವ್ಯಯದಲ್ಲಿ ಜಾಗ ಗಿಟ್ಟಿಸುವ ಉಳಿದರ್ಧದ ಬಗ್ಗೆ ಇತಿಹಾಸದ ಪುಸ್ತಕಗಳು ಹೆಚ್ಚು ಹೇಳುವುದಿಲ್ಲ.

ಇಂಗ್ಲೆಂಡಿನ ಕಥೆ ನಮಗೆ ಹೆಚ್ಚು ಹತ್ತಿರದ್ದು, ಏಕೆಂದರೆ ನಮ್ಮ 562ನೇ ಕಲಂ ಬಂದದ್ದು ಅಲ್ಲಿಂದ. 1876ರಲ್ಲಿ ಫ್ರೆಡೆರಿಕ್ ರೇನರ್ ಎಂಬ ಮುದ್ರಕ, ಪೊಲೀಸ್ ಕೋರ್ಟಿನಲ್ಲಿ ಮತ್ತೆ ಮತ್ತೆ ಶಿಕ್ಷೆಗೊಳಗಾಗುವ ಕುಡುಕರಿಗೆ ಏನಾದರೂ ಮಾಡಿ ಎಂದು ಚರ್ಚಿನ ಪಾನನಿರೋಧ ಸಂಘಕ್ಕೆ ಐದು ಶಿಲ್ಲಿಂಗ್ ಕಳಿಸಿದರು. ಸಂಘ ಲಂಡನ್ನಿನ ಕೋರ್ಟುಗಳಿಗೆ ಮಿಷನರಿಗಳನ್ನು ನೇಮಿಸಿತು. ಮ್ಯಾಜಿಸ್ಟ್ರೇಟರು ಕ್ರಮೇಣ ಅವರ ಮಾತಿಗೆ ಬೆಲೆ ಕೊಡತೊಡಗಿದರು. ಅದೇ ಕಾಲಕ್ಕೆ, ಲಂಡನ್ ಪೊಲೀಸಿನ ಪತ್ತೆದಾರಿ ವಿಭಾಗದ ಮುಖ್ಯಸ್ಥರಾಗಿದ್ದು ಸಂಸತ್ತಿಗೆ ಬಂದ ಹೋವರ್ಡ್ ವಿನ್ಸೆಂಟ್ ಮಸಾಚುಸೆಟ್ಸ್ ಪದ್ಧತಿಯನ್ನು ಮೆಚ್ಚಿ ಮಸೂದೆ ತಂದರು. ಸಂಸತ್ತಿನ ಹಾದಿಯಲ್ಲಿ ಮೇಲ್ವಿಚಾರಣೆಯ ಭಾಗ ಬಿದ್ದುಹೋಯಿತು. 1887ರ ಮೊದಲ ಅಪರಾಧಿಗಳ ಕಾಯಿದೆಯಾಗಿ ಹೊರಬಂದದ್ದು ಬಿಡುಗಡೆಯ ಅಧಿಕಾರವಷ್ಟೇ. ಹನ್ನೊಂದು ವರ್ಷದ ನಂತರ ಕಲ್ಕತ್ತದಲ್ಲಿ ಕೂತು ಸಂಹಿತೆ ಬರೆದವರು ಅದರ ಜಾಡನ್ನೇ ಹಿಡಿದರು. ಇಂಗ್ಲೆಂಡ್ ತನ್ನ ಕೊರತೆಯನ್ನು 1907ರಲ್ಲಿ ತುಂಬಿಕೊಂಡಿತು. ಗೃಹ ಖಾತೆಯ ಕಿರಿಯ ಸಚಿವ ಹರ್ಬರ್ಟ್ ಸ್ಯಾಮ್ಯುಯೆಲ್ ತಂದ ಕಾಯಿದೆ ಪ್ರೊಬೇಷನ್ ಅಧಿಕಾರಿ ಎಂಬ ಹುದ್ದೆಯನ್ನು ಸೃಷ್ಟಿಸಿ, ಬುದ್ಧಿ ಹೇಳುವುದು, ನೆರವಾಗುವುದು, ಸ್ನೇಹದಿಂದ ನಡೆದುಕೊಳ್ಳುವುದು ಅವನ ಕರ್ತವ್ಯವೆಂದು ಶಾಸನದಲ್ಲೇ ಬರೆಯಿತು. ವಸಾಹತಿಗೆ ಕಳಿಸಿದ ಅರ್ಧ ಕಾನೂನು ಮಾತ್ರ ಅರ್ಧವಾಗಿಯೇ ಉಳಿಯಿತು.

ಭಾರತದಲ್ಲಿ 1919-20ರ ಜೈಲು ಸಮಿತಿ ಕೈದಿಯ ಸುಧಾರಣೆಯೇ ಸೆರೆಮನೆಯ ಗುರಿಯಾಗಬೇಕೆಂದಿತು. 1923ರಲ್ಲಿ 562ನೇ ಕಲಮಿನ ವ್ಯಾಪ್ತಿ ಹಿಗ್ಗಿತು. ಹೆಂಗಸರಿಗೂ ಇಪ್ಪತ್ತೊಂದರೊಳಗಿನವರಿಗೂ ಹೆಚ್ಚು ಅವಕಾಶ ಸಿಕ್ಕಿತು, ಅಧಿಕಾರಿ ಮಾತ್ರ ಬರಲಿಲ್ಲ. 1931ರಲ್ಲಿ ಭಾರತ ಸರ್ಕಾರ ಪ್ರೊಬೇಷನ್ ಮಸೂದೆಯ ಕರಡು ತಯಾರಿಸಿ ಪ್ರಾಂತಗಳ ಅಭಿಪ್ರಾಯ ಕೇಳಿತು. 1934ರಲ್ಲಿ, ಕೇಂದ್ರದ ಕಾನೂನು ಸದ್ಯಕ್ಕೆ ಆಗದು, ನೀವೇ ಮಾಡಿಕೊಳ್ಳಿ ಎಂದು ಪ್ರಾಂತಗಳಿಗೆ ತಿಳಿಸಿತು. ಮಧ್ಯಪ್ರಾಂತ, ಮದರಾಸು, ಮುಂಬಯಿ, ಸಂಯುಕ್ತ ಪ್ರಾಂತಗಳು 1936ರಿಂದ 1938ರ ನಡುವೆ ತಮ್ಮ ತಮ್ಮ ಕಾಯಿದೆ ಮಾಡಿದವು. ಕನ್ನಡ ನಾಡು ಆಗ ಹಂಚಿಹೋಗಿದ್ದರಿಂದ ಮಂಗಳೂರು, ಬಳ್ಳಾರಿಯ ಆರೋಪಿಗೆ ಅನ್ವಯಿಸಿದ್ದು ಮದರಾಸಿನ ಕಾನೂನು, ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದವರಿಗೆ ಮುಂಬಯಿಯದು. ಒಂದೇ ಭಾಷೆಯವರು, ಒಂದೇ ಬಗೆಯ ತಪ್ಪು, ಬೇರೆ ಬೇರೆ ದಾರಿ. ಸ್ವಾತಂತ್ರ್ಯ ಬಂದ ಮೇಲೆ 1951-52ರಲ್ಲಿ ವಿಶ್ವಸಂಸ್ಥೆಯ ತಜ್ಞರಾಗಿ ಬಂದ ವಾಲ್ಟರ್ ರೆಕ್ಲೆಸ್ ಜೈಲು ಆಡಳಿತದ ವರದಿ ಕೊಟ್ಟರು. 1958ರಲ್ಲಿ ಸಂಸತ್ತು ದೇಶಮಟ್ಟದಲ್ಲಿ ಅಪರಾಧಿಗಳ ಪ್ರೊಬೇಷನ್ ಕಾಯಿದೆಯನ್ನು ಅಂಗೀಕರಿಸಿತು.

ಈ ಕಾಯಿದೆಯನ್ನು ನಿಧಾನವಾಗಿ ಓದಬೇಕು. ಮರಣದಂಡನೆ, ಜೀವಾವಧಿ ಸಜೆ ಇರುವ ಅಪರಾಧಗಳನ್ನು ಬಿಟ್ಟು ಉಳಿದವಕ್ಕೆ 4ನೇ ಕಲಂ ಅನ್ವಯಿಸುತ್ತದೆ. ಮೂರು ವರ್ಷ ಮೀರದ ಮುಚ್ಚಳಿಕೆ, ಅದರ ಜೊತೆ ಬೇಕೆನಿಸಿದರೆ ಒಂದು ವರ್ಷಕ್ಕೆ ಕಡಿಮೆಯಿಲ್ಲದ ಮೇಲ್ವಿಚಾರಣೆ. ಇಪ್ಪತ್ತೊಂದರೊಳಗಿನವರನ್ನು ಜೈಲಿಗೆ ಕಳಿಸುವುದಾದರೆ ನ್ಯಾಯಾಲಯ ಕಾರಣ ಬರೆಯಬೇಕೆಂದು 6ನೇ ಕಲಂ ಹೇಳುತ್ತದೆ. ಪ್ರೊಬೇಷನ್ ಪಡೆದವನಿಗೆ ಶಿಕ್ಷೆಯಿಂದ ಅಂಟುವ ಅನರ್ಹತೆ ಅಂಟದು ಎನ್ನುತ್ತದೆ 12ನೇ ಕಲಂ. ಅಧಿಕಾರಿಯ ಹುದ್ದೆ, ಕರ್ತವ್ಯ 13, 14ರಲ್ಲಿವೆ. ಕೆಲಸ ಹುಡುಕಿಕೊಡುವುದೂ ಆ ಕರ್ತವ್ಯಗಳಲ್ಲೊಂದು. ಆಗಸ್ಟಸ್ ಅವರ ಇಡೀ ಕ್ರಮ ಶಾಸನದ ಭಾಷೆಯಲ್ಲಿ ಇಲ್ಲಿಗೆ ಬಂದು ಸೇರಿದೆ. ಆದರೆ ಅದೇ 4ನೇ ಕಲಮು, ಅಧಿಕಾರಿಯ ವರದಿ ಇದ್ದರೆ ಅದನ್ನು ಪರಿಗಣಿಸಬೇಕು ಎನ್ನುತ್ತದೆ. ವರದಿ ಇಲ್ಲದ ಸ್ಥಿತಿಯನ್ನು ಕಾಯಿದೆ ಮೊದಲೇ ಊಹಿಸಿ ಅದಕ್ಕೆ ಜಾಗ ಮಾಡಿಕೊಟ್ಟಿದೆ. ಕಾಯಿದೆ ಎಂದಿನಿಂದ ಜಾರಿಗೆ ಬರಬೇಕೆಂಬುದನ್ನು ರಾಜ್ಯಗಳಿಗೆ ಬಿಟ್ಟದ್ದರಿಂದ ಅದು ಜಿಲ್ಲೆಯಿಂದ ಜಿಲ್ಲೆಗೆ ತೆವಳಿತು. ಪಂಜಾಬಿನ ರತನ್ ಲಾಲ್ ಪ್ರಕರಣ ಇದಕ್ಕೆ ಸಾಕ್ಷಿ. ಹದಿನಾರರ ಹುಡುಗನಿಗೆ 1962ರ ಮೇ ತಿಂಗಳಲ್ಲಿ ಗುರ್‌ಗಾಂವ್ ಜಿಲ್ಲೆಯ ಕೆಳ ನ್ಯಾಯಾಲಯ ಸಜೆ ಕೊಟ್ಟಿತು. ಆ ಜಿಲ್ಲೆಗೆ ಕಾಯಿದೆ ಬಂದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಮೇಲ್ಮನವಿಯ ಹಂತದಲ್ಲೂ ಕಾಯಿದೆಯ ಪ್ರಯೋಜನ ಅವನಿಗೆ ಸಿಗಬೇಕೆಂದು ಸುಪ್ರೀಂ ಕೋರ್ಟಿನ ಬಹುಮತ ತೀರ್ಪು ಹೇಳಿತು. ತೀರ್ಪನ್ನು ಕಾನೂನು ವಿದ್ಯಾರ್ಥಿಗಳು ಉದಾರ ದೃಷ್ಟಿಗೆ ಉದಾಹರಣೆಯಾಗಿ ಓದುತ್ತಾರೆ. ಸಂಸತ್ತು ಮಾಡಿದ ಕಾನೂನು ರಾಜಧಾನಿ ದೆಹಲಿಯ ಪಕ್ಕದ ಜಿಲ್ಲೆಗೆ ತಲುಪಲು ನಾಲ್ಕು ವರ್ಷ ಹಿಡಿಯಿತು ಎಂಬುದನ್ನೂ ಅದರಲ್ಲಿ ಓದಬೇಕು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಕಳವಾದವನ, ಪೆಟ್ಟು ತಿಂದವನ ಗತಿ ಏನು? ತಪ್ಪು ಮಾಡಿದವನಿಗೆ ನೆರವು, ನೊಂದವನಿಗೆ ಕೋರ್ಟಿನ ಅಲೆದಾಟ ಎಂಬ ಮಾತಿನಲ್ಲಿ ನೋವಿದೆ, ನ್ಯಾಯವೂ ಇದೆ. ಕಾಯಿದೆಯ 5ನೇ ಕಲಂ ಬಿಡುಗಡೆಯಾದವನಿಂದ ನಷ್ಟ ಪರಿಹಾರವನ್ನೂ ಖರ್ಚನ್ನೂ ಕೊಡಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಡುತ್ತದೆ. ಜೈಲಿನಲ್ಲಿ ಕೂತವನು ಪರಿಹಾರ ಕಟ್ಟಲಾರ. ಹೊರಗಿದ್ದು ದುಡಿಯುವವನಿಂದ ಅದನ್ನು ವಸೂಲು ಮಾಡಬಹುದು, ಅದು ನಿಜವಾಗಿ ಕಟ್ಟಿ ಮುಗಿಯುವಂತೆ ನೋಡಿಕೊಳ್ಳುವವರಿದ್ದರೆ. ಮುಚ್ಚಳಿಕೆ ಮುರಿದರೆ ಕರೆಸಿ ಮೂಲ ಅಪರಾಧಕ್ಕೇ ಶಿಕ್ಷೆ ಕೊಡಲು 9ನೇ ಕಲಂ ಇದೆ. ಎಲ್ಲ ತಪ್ಪಿಗೂ ಇದೇ ಮದ್ದು ಎಂದು ನ್ಯಾಯಾಲಯಗಳೂ ಹೇಳಿಲ್ಲ: ಬೇಜವಾಬ್ದಾರಿಯ ವಾಹನ ಚಾಲನೆಯಿಂದ ಜೀವ ತೆಗೆದ ಪ್ರಕರಣಗಳಲ್ಲಿ ಪ್ರೊಬೇಷನ್ ಸಲ್ಲದು ಎಂದು 2000ದ ದಲ್ಬೀರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕಟ್ಟುನಿಟ್ಟಾಗಿ ಹೇಳಿತು. ಹಾಗಾಗಿ ನೊಂದವರ ಪರವಾದ ಆಕ್ಷೇಪ ನಿಜವಾಗಿ ತಾಗುವುದು ಕಾವಲೂ ಇಲ್ಲದೆ ಕಾಳಜಿಯೂ ಇಲ್ಲದೆ ಬಿಟ್ಟುಬಿಡುವ ಪದ್ಧತಿಗೆ, ಅಂದರೆ 1898ರ ಪದ್ಧತಿಗೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ದುಡಿಮೆ ಸುರಿದ ದೇಶಗಳಲ್ಲಾದರೂ ಇದು ಫಲ ಕೊಟ್ಟಿತೇ? 1974ರಲ್ಲಿ ರಾಬರ್ಟ್ ಮಾರ್ಟಿನ್ಸನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ, ಸುಧಾರಣೆಯ ಕಾರ್ಯಕ್ರಮಗಳು ಮರು ಅಪರಾಧವನ್ನು ತಗ್ಗಿಸಿದ್ದಕ್ಕೆ ಪುರಾವೆ ಬಹಳ ತೆಳುವಾಗಿದೆ ಎಂದು ಬರೆದರು. ಯಾವುದೂ ನಡೆಯದು ಎಂಬ ಘೋಷಣೆಯಾಗಿ ಅದು ಹಬ್ಬಿತು. ಐದು ವರ್ಷದ ನಂತರ ಅವರೇ ಆ ತೀರ್ಮಾನದಿಂದ ಹಿಂದೆ ಸರಿದು ಬರೆದದ್ದನ್ನು ಓದಿದವರು ಕಡಿಮೆ. ಅದಕ್ಕೂ ಮೊದಲೇ, ಒಬ್ಬ ಅಧಿಕಾರಿಗೆ ಸರಾಸರಿ 35 ಮಂದಿ ಸಾಕು ಎಂದು 1967ರ ಅಧ್ಯಕ್ಷೀಯ ಆಯೋಗ ಸೂಚಿಸಿತ್ತು. ಅದೇ ದಶಕದ ಸ್ಯಾನ್ ಫ್ರಾನ್ಸಿಸ್ಕೊ ಪ್ರಯೋಗದಲ್ಲಿ ತಲೆಗಿಷ್ಟು ಎಂದು ಕೇಸುಗಳನ್ನು ಇಳಿಸಿ ನೋಡಿದಾಗ, ಸಂಖ್ಯೆ ಇಳಿದ ಮಾತ್ರಕ್ಕೆ ತಪ್ಪುಗಳು ಇಳಿಯಲಿಲ್ಲ. 1993ರಲ್ಲಿ ಜೋನ್ ಪೀಟರ್‌ಸಿಲಿಯಾ ಮತ್ತು ಸೂಸನ್ ಟರ್ನರ್ ಒಂಬತ್ತು ರಾಜ್ಯಗಳ ಹದಿನಾಲ್ಕು ಕಡೆ ತೀವ್ರ ಮೇಲ್ವಿಚಾರಣೆಯನ್ನು ಅಳೆದಾಗಲೂ ಹೊಸ ಬಂಧನಗಳು ತಗ್ಗಿರಲಿಲ್ಲ. ಹಾಜರಿ ತಪ್ಪಿಸಿದ್ದು, ಮೂತ್ರ ಪರೀಕ್ಷೆಯಲ್ಲಿ ಸೋತದ್ದು ಮುಂತಾದ ಷರತ್ತು ಮುರಿತಗಳು ಮಾತ್ರ ಹೆಚ್ಚು ಸಿಕ್ಕಿಬಿದ್ದವು. ಕಾವಲಿನ ಜೊತೆ ಚಿಕಿತ್ಸೆಯೂ ಸೇರಿದ ಕಡೆ ಫಲಿತಾಂಶ ಉತ್ತಮವಾಗಿತ್ತು. ನನಗೆ ಈ ಅಧ್ಯಯನಗಳು ನನ್ನ ವಾದದ ವಿರುದ್ಧವಾಗಿ ಕಾಣುವುದಿಲ್ಲ, ಅದನ್ನು ತಿದ್ದುತ್ತವೆ. ಬೇಕಾದದ್ದು ಎಂಥ ದುಡಿಮೆ ಎಂಬುದನ್ನು ಅವು ಹೇಳುತ್ತವೆ. ಇಣುಕಿ ನೋಡುವ ಕಣ್ಣುಗಳು ಹೆಚ್ಚಾದರೆ ಸಿಗುವುದು ಹೆಚ್ಚು ತಪ್ಪು. ಕೆಲಸ, ಚಿಕಿತ್ಸೆ, ಮನೆ ಸಿಕ್ಕರೆ ತಪ್ಪು ಮಾಡುವ ಸಂದರ್ಭವೇ ಕಡಿಮೆಯಾಗುತ್ತದೆ.

ಅಮೆರಿಕ ಆರಿಸಿಕೊಂಡದ್ದು ಕಣ್ಣುಗಳನ್ನು. 2007ರ ಹೊತ್ತಿಗೆ ಅಲ್ಲಿ ಸುಮಾರು 43 ಲಕ್ಷ ಜನ ಪ್ರೊಬೇಷನ್ನಿನಲ್ಲಿದ್ದರು. ಜೈಲಿಗೆ ಹೋಗಬೇಕಾದವರನ್ನು ಹೊರಗಿಡಲು ಹುಟ್ಟಿದ ವ್ಯವಸ್ಥೆ, ಜೈಲಿಗೆ ಹೋಗದೇ ಇರುತ್ತಿದ್ದವರನ್ನೂ ಬಲೆಗೆ ಎಳೆದುಕೊಂಡಿತು. 2019ರಲ್ಲಿ ರಾಜ್ಯ ಸರ್ಕಾರಗಳ ಮಂಡಳಿ ಹಾಕಿದ ಲೆಕ್ಕದಲ್ಲಿ, ರಾಜ್ಯಗಳ ಸೆರೆಮನೆಗಳಿಗೆ ಹೊಸದಾಗಿ ಸೇರಿದವರಲ್ಲಿ ಶೇ. 45ರಷ್ಟು ಮಂದಿ ಬಂದದ್ದು ಪ್ರೊಬೇಷನ್ ಅಥವಾ ಪೆರೋಲ್ ಮುರಿದ ಕಾರಣಕ್ಕೆ. ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ, ಆ ಇಲಾಖೆಗಳನ್ನೇ ವರ್ಷಗಟ್ಟಲೆ ನಡೆಸಿದ ಮುಖ್ಯಸ್ಥರು ಇದ್ದರು ಎಂಬುದು ಈ ವೃತ್ತಿಯ ಬಗ್ಗೆ ನನಗೆ ಗೌರವ ಹುಟ್ಟಿಸುವ ಸಂಗತಿ. 2010ರಿಂದ 2014ರವರೆಗೆ ನ್ಯೂಯಾರ್ಕ್ ನಗರದ ಪ್ರೊಬೇಷನ್ ಆಯುಕ್ತರಾಗಿದ್ದ ವಿನ್ಸೆಂಟ್ ಶಿರಾಲ್ಡಿ ಅವರಲ್ಲೊಬ್ಬರು. ಸರಿಯಾಗಿ ನಡೆದುಕೊಂಡವರ ಅವಧಿಯನ್ನು ಬೇಗ ಮುಗಿಸುವ ಪದ್ಧತಿಯನ್ನು ಅವರು ಅಲ್ಲಿ ಬಲಪಡಿಸಿದರು. 2017ರಲ್ಲಿ ದೇಶದ ಹಲವು ಪ್ರೊಬೇಷನ್ ಮುಖ್ಯಸ್ಥರು ಜಂಟಿ ಹೇಳಿಕೆ ಕೊಟ್ಟು, ಮೇಲ್ವಿಚಾರಣೆಯಲ್ಲಿರುವವರ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಬೇಕು, ಉಳಿಯುವ ಹಣವನ್ನು ನಿಜವಾಗಿ ನೆರವು ಬೇಕಾದವರಿಗೆ ಹಾಕಬೇಕು ಎಂದರು. ತಮ್ಮ ಇಲಾಖೆ ಚಿಕ್ಕದಾಗಲಿ ಎಂದು ಕೇಳುವ ಅಧಿಕಾರಿಗಳು ಯಾವ ದೇಶದಲ್ಲೂ ಅಪರೂಪ. ಇಂಗ್ಲೆಂಡ್ ಇನ್ನೊಂದು ಬಗೆಯಲ್ಲಿ ಎಡವಿತು. 2014ರಲ್ಲಿ 35 ಪ್ರೊಬೇಷನ್ ಟ್ರಸ್ಟ್‌ಗಳನ್ನು ಮುಚ್ಚಿ, ಕಡಿಮೆ ಮತ್ತು ಮಧ್ಯಮ ಅಪಾಯದವರನ್ನೆಲ್ಲ 21 ಗುತ್ತಿಗೆ ಕಂಪನಿಗಳಿಗೆ ಒಪ್ಪಿಸಿತು. ಎದುರು ಕೂತು ಮಾತಾಡುವ ಭೇಟಿ ಅನೇಕರ ಪಾಲಿಗೆ ಆಗೊಮ್ಮೆ ಈಗೊಮ್ಮೆ ಬರುವ ಫೋನ್ ಕರೆಗೆ ಇಳಿಯಿತು. ಈ ಮಾದರಿ ರಿಪೇರಿಗೆ ನಿಲುಕದಷ್ಟು ಕೆಟ್ಟಿದೆ ಎಂದು 2019ರಲ್ಲಿ ಮುಖ್ಯ ತಪಾಸಣಾಧಿಕಾರಿ ಗ್ಲೆನಿಸ್ ಸ್ಟೇಸಿ ವರದಿ ಮಾಡಿದರು. 2021ರ ಜೂನ್‌ನಲ್ಲಿ ಇಡೀ ಸೇವೆ ಮತ್ತೆ ಸರ್ಕಾರದ ಕೈಗೆ ಬಂತು. ನೂರು ವರ್ಷಕ್ಕೂ ಮೀರಿ ಕಟ್ಟಿದ ಕಸುಬು ಏಳು ವರ್ಷಗಳಲ್ಲಿ ಚದುರಿದ್ದನ್ನು ಮತ್ತೆ ಕೂಡಿಸುವ ಕೆಲಸ ಅಲ್ಲಿ ಆಗಿನಿಂದ ನಡೆದಿದೆ.

ನಮ್ಮ ದೇಶದ ಕಷ್ಟವೇ ಬೇರೆ, ಪ್ರೊಬೇಷನ್ನಿನ ಚರ್ಚೆ ಇಲ್ಲಿ ಅಪ್ರಸ್ತುತ ಎನ್ನುವವರಿದ್ದಾರೆ. 2022ರ ಕೊನೆಗೆ ಭಾರತದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ಅವರಿಗೆ ಇನ್ನೂ ಶಿಕ್ಷೆಯೇ ಆಗಿಲ್ಲ, ಶಿಕ್ಷೆಯ ಬದಲಿಗಿರುವ ಪ್ರೊಬೇಷನ್ ಅವರಿಗೆ ಏನು ಮಾಡೀತು ಎಂಬುದು ಪ್ರಶ್ನೆ. ಕಾಯಿದೆಯ ಅಕ್ಷರ ಹಿಡಿದರೆ ಪ್ರಶ್ನೆ ಸರಿ. ಕಸುಬನ್ನು ಹಿಡಿದರೆ ಸರಿಯಲ್ಲ. ಆಗಸ್ಟಸ್ ನಿಂತದ್ದು ಜಾಮೀನಿಗೆ. ಅಪರಿಚಿತನ ಬಗ್ಗೆ ವಿಚಾರಿಸಿ, ಇವನು ತಪ್ಪಿಸಿಕೊಂಡು ಹೋಗುವವನಲ್ಲ ಎಂದು ನ್ಯಾಯಾಧೀಶರಿಗೆ ನಂಬಿಕೆ ಹುಟ್ಟಿಸುವುದೇ ಅವರ ಮೊದಲ ಕೆಲಸವಾಗಿತ್ತು. ಇಲ್ಲಿನ ಬಡ ಆರೋಪಿಗೆ ಇಲ್ಲದಿರುವುದು ಅದೇ. 1978ರ ಮೋತಿರಾಮ್ ಪ್ರಕರಣದಲ್ಲಿ ಒಬ್ಬ ಗಾರೆ ಕೆಲಸದವನಿಗೆ ಕೆಳ ನ್ಯಾಯಾಲಯ ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿ, ಬೇರೆ ಜಿಲ್ಲೆಯಲ್ಲಿ ಆಸ್ತಿಯಿದ್ದ ಅವನ ಸಹೋದರ ಜಾಮೀನು ಕೊಡಲು ಬಂದಾಗ ಒಪ್ಪಲಿಲ್ಲ. ಬಡವನಿಗೆ ಇದು ಜಾಮೀನು ನಿರಾಕರಿಸಿದಂತೆಯೇ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕಂಡರು. ಜಾಮೀನು ಮಂಜೂರಾದ ಮೇಲೂ ಬಾಂಡು ಕೊಡಲಾಗದೆ ಒಳಗೇ ಉಳಿಯುವವರ ಬಗ್ಗೆ 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳಲ್ಲಿ, ಕೈದಿಯ ಆರ್ಥಿಕ ಸ್ಥಿತಿ ತಿಳಿಯಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗಳು ಪ್ರೊಬೇಷನ್ ಅಧಿಕಾರಿಗಳ ಅಥವಾ ಅರೆಕಾನೂನು ಸ್ವಯಂಸೇವಕರ ನೆರವು ಪಡೆದು, ಆ ವರದಿಯ ಮೇಲೆ ಷರತ್ತು ಸಡಿಲಿಸುವಂತೆ ನ್ಯಾಯಾಲಯವನ್ನು ಕೋರಬಹುದು ಎಂಬ ಅಂಶವಿದೆ. ಶಿಕ್ಷೆಗೆ ಮುಂಚಿನ ತನಿಖೆಯ ಬಾಗಿಲು ಇದರಿಂದ ತೆರೆದಿದೆ. ಜಿಲ್ಲೆಯ ಜೈಲಿನಲ್ಲಿ ಬಾಂಡಿಗಾಗಿ ಕಾದವರೆಷ್ಟು, ಅವರ ಊರಿಗೆ ಹೋಗಿ ವಿಚಾರಿಸಲು ಎಷ್ಟು ಅಧಿಕಾರಿಗಳು ಬೇಕು ಎಂದು ಲೆಕ್ಕ ಹಾಕಿ ಹುದ್ದೆ ತುಂಬುವುದು ಇನ್ನು ರಾಜ್ಯಗಳಿಗೆ ಬಿಟ್ಟದ್ದು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನು ಒಂದು ಶಿಕ್ಷೆಯಾಗಿ ಸೇರಿಸಿದೆ. ಕುಡಿದು ಬೀದಿಯಲ್ಲಿ ಗಲಾಟೆ ಮಾಡಿದವನಿಗೆ, ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದು ಹಿಂದಿರುಗಿಸಿದವನಿಗೆ, ಇನ್ನೂ ಕೆಲವು ಸಣ್ಣ ಅಪರಾಧಗಳಿಗೆ ಅದು ಅನ್ವಯಿಸುತ್ತದೆ. ಸಮಾಜಕ್ಕೆ ಉಪಯುಕ್ತವಾದ, ಸಂಬಳವಿಲ್ಲದ ಕೆಲಸ ಎಂದು ಜೊತೆಯ ನಾಗರಿಕ ಸುರಕ್ಷಾ ಸಂಹಿತೆ ಅದನ್ನು ವಿವರಿಸುತ್ತದೆ. ಎಷ್ಟು ಗಂಟೆ, ಎಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ, ಮಾಡಿದ್ದನ್ನು ಬರೆದುಕೊಳ್ಳುವವರು ಯಾರು ಎಂದು ಎರಡೂ ಸಂಹಿತೆಗಳಲ್ಲಿ ಇಲ್ಲ. ಇದೇ ಶಿಕ್ಷೆಯನ್ನು ಇಂಗ್ಲೆಂಡ್ 1972ರ ಕಾಯಿದೆಯಲ್ಲಿ ತಂದಾಗ 40ರಿಂದ 240 ಗಂಟೆ ಎಂದು ಮಿತಿ ಹಾಕಿ, ಹೊಣೆಯನ್ನು ಪ್ರೊಬೇಷನ್ ಸೇವೆಗೆ ಒಪ್ಪಿಸಿತ್ತು. 1973ರಲ್ಲಿ ಡರಮ್, ಕೆಂಟ್, ನಾಟಿಂಗ್‌ಹ್ಯಾಮ್‌ಶೈರ್ ಸೇರಿ ಆರು ಪ್ರದೇಶಗಳಲ್ಲಿ ಕೆಲಸ ಕೊಡುವ ಸಂಸ್ಥೆಗಳನ್ನು ಗೊತ್ತುಮಾಡಿ, ನಡೆಸಿ ನೋಡಿ, 1975ರಿಂದ ಉಳಿದ ಕಡೆಗೆ ವಿಸ್ತರಿಸಿತು. ನಮ್ಮ ಮ್ಯಾಜಿಸ್ಟ್ರೇಟರು ಈಗ ಆಸ್ಪತ್ರೆಯ ಅಂಗಳ ಗುಡಿಸು, ಠಾಣೆಯ ಮುಂದೆ ಗಿಡ ನೆಡು ಎಂದು ತಮಗೆ ತೋಚಿದಂತೆ ಆದೇಶ ಬರೆಯುವ ಬದಲು, ಪ್ರತಿ ಜಿಲ್ಲೆಯಲ್ಲೂ ಯಾವ ಆಸ್ಪತ್ರೆ, ಯಾವ ಶಾಲೆ, ಯಾವ ಪಂಚಾಯಿತಿ ಎಂಥ ಕೆಲಸ ಕೊಡಬಲ್ಲದು ಎಂಬ ಪಟ್ಟಿಯನ್ನು ಪ್ರೊಬೇಷನ್ ಅಧಿಕಾರಿಯಿಂದ ಮಾಡಿಸಿ, ಗಂಟೆಯ ಲೆಕ್ಕದ ಪುಸ್ತಕವನ್ನು ಅವರ ಬಳಿಯೇ ಇಡಿಸಿ, ಮುಗಿದ ಮೇಲೆ ಅವರ ವರದಿಯನ್ನು ನ್ಯಾಯಾಲಯಕ್ಕೆ ತರಿಸಿಕೊಳ್ಳುವ ನಿಯಮಗಳು ಬರಬೇಕು. ಅದಕ್ಕೆ 1958ರ ಕಾಯಿದೆಯ 13 ಮತ್ತು 14ನೇ ಕಲಮುಗಳಲ್ಲಿ ಅಡಿಪಾಯ ಆಗಲೇ ಇದೆ.